ಮೊಣಕೈಯ ಹೊಟ್ಟು, ಸೊಂಟದ ಟೇಪು

ಗಂಗಾವತಿಯಲ್ಲಿ ನಾನು ಕೆಲಸ ಮಾಡುವ ಲ್ಯಾಬಿಗೆ ಬೆಳಗಿನ ಹೊತ್ತು ಎರಡು ಬಗೆಯ ಚೀಟಿಗಳು ಬರುತ್ತವೆ. ಒಂದು ಶುಗರ್ ನೋಡುವ ಡಾಕ್ಟರು ಬರೆದದ್ದು. ಅದರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ, ಊಟದ ನಂತರದ ಸಕ್ಕರೆ, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್ ಇರುತ್ತವೆ. ಇನ್ನೊಂದು ಚರ್ಮದ ಡಾಕ್ಟರು ಬರೆದದ್ದು. ಅದರಲ್ಲಿ ಲಿವರ್ ಪರೀಕ್ಷೆ, ರಕ್ತಕಣ ಎಣಿಸುವ ಸಿಬಿಸಿ, ಕಿಡ್ನಿ ನೋಡುವ ಕ್ರಿಯಾಟಿನಿನ್. ಎರಡೂ ಚೀಟಿ ಒಬ್ಬರ ಕೈಯಲ್ಲೇ ಇರುವುದು ಬಹಳ ಅಪರೂಪ.

ಆದರೆ ಶುಗರ್ ಚೀಟಿ ತಂದವರ ತೋಳು ಮೇಲೇರಿಸಿದರೆ ಕೆಲವೊಮ್ಮೆ ಮೊಣಕೈ ಮೇಲೆ ಕೆಂಪು ಮಚ್ಚೆ ಕಾಣುತ್ತದೆ. ಅದರ ಮೇಲೆ ಬೆಳ್ಳಿ ಬಣ್ಣದ ದಪ್ಪ ಹೊಟ್ಟು. ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ ಹೀಗೆ ಕಾಣುತ್ತದೆ. ಇನ್ನು ಚರ್ಮದ ಚೀಟಿ ತಂದವರ ರಕ್ತವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತೆಗೆದಾಗ, ಮೇಲೆ ನಿಂತ ಸೀರಂ ತಿಳಿ ಹಳದಿ ಇರಬೇಕಾದದ್ದು ಹಾಲಿನ ಬಣ್ಣಕ್ಕೆ ತಿರುಗಿರುವುದುಂಟು. ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ತುಂಬಾ ಜಾಸ್ತಿ ಇದ್ದಾಗ ಹಾಗಾಗುತ್ತದೆ. ಚೀಟಿಯಲ್ಲಿ ಆ ಪರೀಕ್ಷೆ ಬರೆದಿರುವುದಿಲ್ಲ. ಹಾಗಾಗಿ ವರದಿಯಲ್ಲಿ ಅದರ ಅಂಕಿ ಬರುವುದಿಲ್ಲ. ಸ್ಯಾಂಪಲ್ ಹೀಗಿತ್ತು ಅಂತ ಕೆಳಗೆ ಒಂದು ಸಾಲು ಬರೆದು ಕಳಿಸುತ್ತೇವೆ, ಅಷ್ಟೇ.

ಸೋರಿಯಾಸಿಸ್‌ಗೂ ಶುಗರ್, ಕೊಬ್ಬಿಗೂ ನಂಟಿದೆ. ಹಾಗಾಗಿ ಈ ಎರಡು ಚೀಟಿ ಒಂದೇ ಮೇಜಿನ ಮೇಲೆ ಬರಬೇಕು ಅನ್ನುವುದು ನನ್ನ ಬಹುದಿನದ ಆಸೆ. ನಾನು ಡಾಕ್ಟರಲ್ಲ, ಲ್ಯಾಬ್ ಟೆಕ್ನಿಷಿಯನ್. ಯಾವ ಔಷಧಿ, ಎಷ್ಟು ಅನ್ನುವುದು ನಿಮ್ಮ ಡಾಕ್ಟರು ಹೇಳಬೇಕಾದ ಮಾತು. ಆದರೆ ಸೋರಿಯಾಸಿಸ್ ಇರುವ ಒಬ್ಬ ಅಣ್ಣನ ತಂಗಿಯಾಗಿ, ದಿನಾ ಈ ತೋಳುಗಳನ್ನು ಹಿಡಿಯುವವಳಾಗಿ ನನಗೆ ಗೊತ್ತಿರುವುದನ್ನು ಬರೆಯದೆ ಇರಲಾರೆ.

ನಮ್ಮ ಕಡೆ ಮೈಮೇಲೆ ಮಚ್ಚೆ ಕಂಡರೆ ಮೊದಲು ಬರುವ ಮಾತು ‘ಗಜಕರ್ಣ ಆಗೇತಿ’. ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತರುತ್ತಾರೆ, ಹಚ್ಚುತ್ತಾರೆ. ಗಜಕರ್ಣ ಫಂಗಸ್‌ನಿಂದ ಬರುವಂಥದ್ದು, ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ. ಸೋರಿಯಾಸಿಸ್ ಹಾಗಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಟವೆಲ್ ಬಳಸಿದರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಹತ್ತುವುದಿಲ್ಲ. ದೇಹ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಇಲ್ಲಿ ಚರ್ಮವನ್ನು ಅವಸರಪಡಿಸುತ್ತದೆ. ಚರ್ಮದ ಒಂದು ಜೀವಕೋಶ ಕೆಳಪದರದಲ್ಲಿ ಹುಟ್ಟಿ, ಮೇಲೆ ಬಂದು, ಉದುರಿ ಹೋಗಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಅದೇ ಕೆಲಸ 3ರಿಂದ 7 ದಿನಗಳಲ್ಲಿ ಮುಗಿದುಹೋಗುತ್ತದೆ. ಇನ್ನೂ ಬಲಿಯದ ಕೋಶಗಳು ಒಂದರ ಮೇಲೊಂದು ಕೂತು ಹೊಟ್ಟಾಗುತ್ತವೆ. ಮೊಣಕೈ, ಮೊಣಕಾಲು, ತಲೆ, ಬೆನ್ನಿನ ಕೆಳಭಾಗದಲ್ಲಿ ಜಾಸ್ತಿ. ಕೆಲವರ ಉಗುರಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಗುಳಿ ಬೀಳುತ್ತವೆ. ಕೆಲವರಿಗೆ ಕೀಲುನೋವೂ ಜೊತೆಗೆ ಬರುತ್ತದೆ.

ಹೆಸರು ಗೊತ್ತಾಗುವ ಮೊದಲೇ ಜನ ದೂರ ಸರಿಯುತ್ತಾರೆ. ಇದನ್ನು ಕುಷ್ಠ ಅಂದುಕೊಳ್ಳುವವರು ಈಗಲೂ ಇದ್ದಾರೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಗೊತ್ತಾಗುವುದು ಕಡಿಮೆಯಾಗುತ್ತದೆ. ಸೋರಿಯಾಸಿಸ್ ಮಚ್ಚೆಯಲ್ಲಿ ಸ್ಪರ್ಶವೂ ಗೊತ್ತಾಗುತ್ತದೆ, ತುರಿಕೆಯೂ ಗೊತ್ತಾಗುತ್ತದೆ. ಕುಷ್ಠವಾದರೂ ಇಂದು ಔಷಧಿಯಿಂದ ಪೂರ್ತಿ ವಾಸಿಯಾಗುವ ಕಾಯಿಲೆ, ಅವರನ್ನೂ ದೂರ ಇಡಲು ಕಾರಣವೇ ಇಲ್ಲ. ತಲೆಯಲ್ಲಿ ಹೊಟ್ಟು ಕಂಡು ಕಟಿಂಗ್ ಮಾಡಲು ಒಲ್ಲೆ ಅಂದ ಅಂಗಡಿಯಿಂದ ಎದ್ದು ಬಂದವರು, ಮದುವೆ ಪಂಕ್ತಿಯಲ್ಲಿ ಪಕ್ಕದವರು ಎದ್ದು ಹೋದದ್ದನ್ನು ನೋಡಿದವರು ನನ್ನ ಮುಂದೆ ಕೂತು ತೋಳು ಚಾಚುತ್ತಾರೆ. ‘ಮೇಡಂ, ನಿಮಗೇನ್ ಹೇಸಿಗಿ ಅನ್ಸಂಗಿಲ್ಲೇನ್ರಿ?’ ಅಂತ ಕೇಳುತ್ತಾರೆ. ಆ ಪ್ರಶ್ನೆ ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮ ಅಣ್ಣನಿಗೆ ಇದು ಶುರುವಾದದ್ದು ತಲೆಯಲ್ಲಿ. ಕಾರಟಗಿಯ ಅಕ್ಕಿ ಮಿಲ್ಲುಗಳಿಂದ ಲೋಡು ತುಂಬಿಕೊಂಡು ಹೋಗುವ ಲಾರಿ ಅವನದು. ದಿನವಿಡೀ ಸ್ಟೀರಿಂಗ್ ಮುಂದೆ ಕೂರುವ ಕೆಲಸ, ಢಾಬಾದ ಊಟ, ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ. ಮೊದಲು ಎಲ್ಲರೂ ತಲೆಹೊಟ್ಟು ಅಂದರು. ಆಮೇಲೆ ಮೊಣಕೈಗೆ ಬಂತು, ಬೆನ್ನಿಗೆ ಇಳಿಯಿತು. ದಾರಿಯಲ್ಲಿ ಯಾವುದೋ ಊರಿನ ಮೆಡಿಕಲ್ ಶಾಪಿನಲ್ಲಿ ಅವನಿಗೆ ಸಣ್ಣ ಬಿಳಿ ಮಾತ್ರೆ ಕೊಟ್ಟರು. ಚೀಟಿ ಕೇಳಲಿಲ್ಲ. ಎರಡು ವಾರದಲ್ಲಿ ಮೈ ತಿಳಿಯಾಯಿತು. ಅಣ್ಣನಿಗೆ ದೇವರೇ ಸಿಕ್ಕಷ್ಟು ಖುಷಿ. ಅದು ಸ್ಟಿರಾಯ್ಡ್ ಮಾತ್ರೆ.

ಸ್ಟಿರಾಯ್ಡ್ ಮಾತ್ರೆ ಸೋರಿಯಾಸಿಸ್‌ಗೆ ಏನು ಮಾಡುತ್ತದೆ ಅನ್ನುವುದನ್ನು ನಾವು ಮನೆಮಂದಿಯೆಲ್ಲ ಕಣ್ಣಾರೆ ಕಂಡೆವು. ತಿಂಗಳುಗಟ್ಟಲೆ ತೆಗೆದುಕೊಂಡಂತೆ ಅವನ ಮುಖ ಊದಿ ದುಂಡಗಾಯಿತು, ಹೊಟ್ಟೆ ಮುಂದೆ ಬಂತು, ಬಾಯಾರಿಕೆ ಹೆಚ್ಚಿತು. ಸ್ಟಿರಾಯ್ಡ್ ರಕ್ತದ ಸಕ್ಕರೆ ಏರಿಸುತ್ತದೆ. ಮುಂದೊಂದು ದಿನ ಯಾರೋ ‘ಅವು ಹೀಟ್ ಗುಳಿಗಿ, ಬಿಟ್ಟುಬಿಡು’ ಅಂದರು. ಅವನು ಒಮ್ಮೆಲೇ ಬಿಟ್ಟ. ಒಮ್ಮೆಲೇ ಬಿಟ್ಟರೆ ಸೋರಿಯಾಸಿಸ್ ಮೊದಲಿಗಿಂತ ಜೋರಾಗಿ ತಿರುಗಿ ಬೀಳಬಹುದು. ಹಾಗೇ ಆಯಿತು. ತಲೆಯಿಂದ ಅಂಗಾಲಿನವರೆಗೆ ಇಡೀ ಮೈ ಕೆಂಪಾಗಿ ಸುಲಿಯತೊಡಗಿತು. ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದೆವು. ಮೇ ತಿಂಗಳು. ಬಳ್ಳಾರಿಯ ಮೇ ತಿಂಗಳು ಹೇಗಿರುತ್ತದೆ ಅಂತ ಅಲ್ಲಿದ್ದವರಿಗೇ ಗೊತ್ತು. ಫ್ಯಾನಿನ ಗಾಳಿಯೂ ಬಿಸಿ. ಅಂಥ ವಾರ್ಡಿನಲ್ಲಿ ನಮ್ಮ ಅಣ್ಣ ಹಲ್ಲು ಕಟಕಟ ಅನ್ನುತ್ತಾ ‘ಕಂಬಳಿ ಹೊಚ್ಚು’ ಅನ್ನುತ್ತಿದ್ದ. ಚರ್ಮ ಪೂರ್ತಿ ಕೆಟ್ಟಾಗ ದೇಹ ತನ್ನ ಶಾಖವನ್ನು ಹಿಡಿದಿಟ್ಟುಕೊಳ್ಳಲಾರದು. ಅವ್ವ ಎರಡು ಕಂಬಳಿ ಹೊಚ್ಚಿ ಮೇಲೆ ಕೈಯಿಟ್ಟು ಕೂತಿದ್ದಳು.

ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಅಣ್ಣ ಸ್ವಲ್ಪ ಸುಧಾರಿಸಿದ ಮೇಲೆ ಒಂದು ದಿನ ಕೋಟಿನ ಜೇಬಿನಿಂದ ಟೇಪು ತೆಗೆದು ಅವನ ಸೊಂಟ ಅಳೆದರು. ಅವ್ವನಿಗೆ ತಡೆಯಲಾಗಲಿಲ್ಲ. ‘ಏನಬೇ ತಾಯಿ, ಮೈಗೆಲ್ಲ ಬೆಂಕಿ ಹತ್ತೇತಿ, ನೀ ನೋಡಿದ್ರ ನಡ ಅಳಿಯಾಕತ್ತೀಯಲ್ಲ?’ ಅಂದಳು. ಆ ಡಾಕ್ಟರಮ್ಮ ನಗಲಿಲ್ಲ, ಸಿಡುಕಲೂ ಇಲ್ಲ. ‘ಬೆಂಕಿ ಒಳಗ ಎಲ್ಲೀತನಕ ಹೋಗೇತಿ ಅಂತ ನೋಡಾಕತ್ತೀನಿ ಅಮ್ಮಾ’ ಅಂದರು. ಬಿಪಿ ನೋಡಿದರು. ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟ್ರಾಲ್ ಬರೆದರು. ಎಷ್ಟೋ ಚೀಟಿ ಕಂಡ ನಾನು, ಎರಡೂ ಬಗೆಯ ಪರೀಕ್ಷೆಗಳನ್ನು ಒಂದೇ ಚೀಟಿಯಲ್ಲಿ ಕಂಡದ್ದು ಅಲ್ಲೇ.

ಸೋರಿಯಾಸಿಸ್ ಬರೀ ಚರ್ಮದ ತಪ್ಪು ಅಂತಲೇ ವೈದ್ಯರೂ ಬಹಳ ಕಾಲ ನಂಬಿದ್ದರು. 1979ರಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಸಂಧಿವಾತಕ್ಕೆ ಅಂತ ಸೈಕ್ಲೋಸ್ಪೋರಿನ್ ಕೊಟ್ಟವರಲ್ಲಿ ಸೋರಿಯಾಸಿಸ್ ಇದ್ದವರ ಮಚ್ಚೆಗಳೂ ಇಳಿದವು. ಸೈಕ್ಲೋಸ್ಪೋರಿನ್ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಔಷಧಿ. ಅಂದರೆ ಮೂಲ ಒಳಗಿದೆ ಅಂತಾಯಿತು. ಮುಂದೆ ಒಂದೊಂದೇ ಹೆಸರು ಗೊತ್ತಾದವು. ಟಿಎನ್‌ಎಫ್ ಆಲ್ಫಾ, ಇಂಟರ್‌ಲ್ಯೂಕಿನ್ 17, ಇಂಟರ್‌ಲ್ಯೂಕಿನ್ 23. ಇವು ರೋಗನಿರೋಧಕ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ರಾಸಾಯನಿಕಗಳು. ಸೋರಿಯಾಸಿಸ್ ಇದ್ದವರಲ್ಲಿ ಇವು ಅಳತೆ ಮೀರಿ ಉಕ್ಕುತ್ತವೆ, ಉರಿಯೂತ ಆರುವುದೇ ಇಲ್ಲ.

ಈಗ ಹೊಟ್ಟೆಯ ಕಡೆ ಬರೋಣ. ಹೊಟ್ಟೆಯೊಳಗಿನ ಕೊಬ್ಬು ಸುಮ್ನೆ ಕೂತಿರುವ ವಸ್ತು ಅಂತ ನಾವು ತಿಳಿದಿರುತ್ತೇವೆ. ಅದು ಸುಮ್ನೆ ಕೂರುವುದಿಲ್ಲ. ಅದೂ ಟಿಎನ್‌ಎಫ್ ಆಲ್ಫಾ ಬಿಡುತ್ತದೆ, ಇಂಟರ್‌ಲ್ಯೂಕಿನ್ 6 ಬಿಡುತ್ತದೆ. ಟಿಎನ್‌ಎಫ್ ಆಲ್ಫಾ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಇನ್ಸುಲಿನ್ ಬಾಗಿಲು ತಟ್ಟಿದರೂ ಕೋಶ ತೆರೆಯುವುದಿಲ್ಲ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಹಾಗಾಗಿ ಚರ್ಮದಲ್ಲಿ ನಡೆಯುವುದಕ್ಕೂ ಹೊಟ್ಟೆಯ ಕೊಬ್ಬಿನಲ್ಲಿ ನಡೆಯುವುದಕ್ಕೂ ಒಂದೇ ಬಗೆಯ ರಾಸಾಯನಿಕಗಳೇ ಕಾರಣ, ಎರಡಕ್ಕೂ ಇರುವುದು ಒಂದೇ ರಕ್ತ. ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲ್ಭಾಗದಲ್ಲಿ ನೀರಿಗೆ ಏನು ಬೆರೆತರೂ ಅದು ಕೊನೇ ತೂಬಿನ ಹೊಲದವರೆಗೂ ಹೋಗುತ್ತದೆ. ಸೋರಿಯಾಸಿಸ್‌ನ ಉರಿಯೂತವೂ ಮೊಣಕೈಯಲ್ಲೇ ನಿಲ್ಲುವುದಿಲ್ಲ. ರಕ್ತನಾಳದ ಗೋಡೆಗೆ ಹೋಗುತ್ತದೆ, ಲಿವರ್‌ಗೆ ಹೋಗುತ್ತದೆ, ಹೃದಯಕ್ಕೆ ಹೋಗುತ್ತದೆ.

2006ರಲ್ಲಿ ಬ್ರಿಟನ್ನಿನ ರೋಗಿಗಳ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ ಒಂದು ದೊಡ್ಡ ಅಧ್ಯಯನ ಬಂತು. ತೀವ್ರ ಸೋರಿಯಾಸಿಸ್ ಇರುವ 30 ವರ್ಷದವರಿಗೆ, ಅದಿಲ್ಲದ ಅದೇ ವಯಸ್ಸಿನವರಿಗಿಂತ ಹೃದಯಾಘಾತದ ಅಪಾಯ ಸುಮಾರು 3 ಪಟ್ಟು ಜಾಸ್ತಿ ಅಂತ ಅದು ತೋರಿಸಿತು. 30 ವರ್ಷದವರಿಗೆ ಹೃದಯಾಘಾತವೇ ಕಡಿಮೆ, ಹಾಗಾಗಿ 3 ಪಟ್ಟು ಅಂದರೆ ನಾಳೆಯೇ ಆಗುತ್ತದೆ ಅಂತಲ್ಲ. ಆದರೆ ಎಚ್ಚರ ತಪ್ಪಬಾರದ ವಯಸ್ಸು ಎಷ್ಟು ಮುಂಚೆ ಶುರುವಾಗುತ್ತದೆ ಅಂತ ಅದು ಹೇಳುತ್ತದೆ. 2012ರಲ್ಲಿ ಬಂದ ಇನ್ನೊಂದು ಬ್ರಿಟಿಷ್ ಅಧ್ಯಯನದಲ್ಲಿ ಸೋರಿಯಾಸಿಸ್ ಇದ್ದವರಲ್ಲಿ ಶೇ 34 ಮಂದಿಗೆ ಮೆಟಬಾಲಿಕ್ ಸಿಂಡ್ರೋಮ್ ಇತ್ತು, ಇಲ್ಲದವರಲ್ಲಿ ಶೇ 26. ಮೈಮೇಲೆ ಮಚ್ಚೆ ಎಷ್ಟು ಹರಡಿತ್ತೋ ಅಷ್ಟು ಈ ನಂಟು ಗಟ್ಟಿಯಾಗಿತ್ತು.

ಮೆಟಬಾಲಿಕ್ ಸಿಂಡ್ರೋಮ್ ಅನ್ನುವುದು ಒಂದೇ ಕಾಯಿಲೆಯ ಹೆಸರಲ್ಲ, ಐದು ಅಳತೆಗಳ ಲೆಕ್ಕ. ಸೊಂಟದ ಸುತ್ತಳತೆ ನಮ್ಮ ದೇಶದ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಅಥವಾ ಹೆಚ್ಚು. ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು. ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ. ಬಿಪಿ 130/85 ಅಥವಾ ಮೇಲೆ. ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಮೇಲೆ. ಇವುಗಳಲ್ಲಿ ಮೂರು ಇದ್ದರೆ ಮೆಟಬಾಲಿಕ್ ಸಿಂಡ್ರೋಮ್. ಗಮನಿಸಿ, ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಮೇಲಿದ್ದರೆ ಶುಗರ್ ಕಾಯಿಲೆ ಅನ್ನುತ್ತೇವೆ. ಇಲ್ಲಿ ಎಚ್ಚರಿಕೆ ಶುರುವಾಗುವುದು 100ರಿಂದ. ಒಂದೊಂದೂ ಸ್ವಲ್ಪ ಸ್ವಲ್ಪವೇ ಏರಿರುತ್ತದೆ, ಯಾವುದೂ ನೋಯುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಮೊಣಕೈಯ ಮಚ್ಚೆ ಊರಿಗೆಲ್ಲ ಕಾಣುತ್ತದೆ. ಜನ ನೋಡುವ ಕಡೆಗೇ ಔಷಧಿ ಹೋಗುತ್ತದೆ ಅಲ್ವಾ?

‘ನಮ್ಮಣ್ಣ ದಪ್ಪ ಇಲ್ಲಲ್ಲ’ ಅಂತ ನಮ್ಮ ಮನೆಯಲ್ಲೂ ಅಂದರು. ಕೈಕಾಲು ತೆಳ್ಳಗೆ, ಅಂಗಿ ಬಿಚ್ಚಿದರೆ ಮಾತ್ರ ಹೊಟ್ಟೆ. ನಮ್ಮ ಜನರ ಮೈಕಟ್ಟೇ ಹೀಗೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಒಂದು ಫೋಟೊ ಹಾಕಿ ಇದನ್ನು ತೋರಿಸಿದರು. ಇಬ್ಬರ ಬಿಎಂಐಯೂ 22.3, ಅಂದರೆ ಎತ್ತರಕ್ಕೆ ತಕ್ಕ ತೂಕ. ಆದರೆ ಮೈಯ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ತೂಕದ ಯಂತ್ರ ಇಬ್ಬರಿಗೂ ಒಂದೇ ಉತ್ತರ ಕೊಟ್ಟಿತ್ತು. ಅದಕ್ಕೇ ನಾನು ತೂಕಕ್ಕಿಂತ ಟೇಪನ್ನು ಹೆಚ್ಚು ನಂಬುತ್ತೇನೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಬೇಕು. ಉಸಿರು ಬಿಟ್ಟು ನೋಡಬೇಕು. ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು.

ಟೇಪಿನ ಮಾತು ಬಂದಾಗ ಇನ್ನೊಂದು ನೆನಪಾಗುತ್ತದೆ. ನಮ್ಮ ಲ್ಯಾಬಿಗೆ ಬರುವ ಒಬ್ಬ ಅಕ್ಕ ಒಮ್ಮೆ ಒಳಗಿನ ಕೋಣೆಯಲ್ಲಿ ಸೆರಗು ಸರಿಸಿ ತೋರಿಸಿದರು. ಲಂಗದ ಲಾಡಿ ಬಿಗಿಯುವ ಜಾಗದಲ್ಲೇ, ಲಾಡಿಯಷ್ಟೇ ಅಗಲಕ್ಕೆ, ಸೊಂಟದ ಸುತ್ತ ಸೋರಿಯಾಸಿಸ್ ಎದ್ದಿತ್ತು. ಗಂಟು ಬೀಳುವ ಕಡೆ ಹೊಟ್ಟು ಇನ್ನೂ ದಪ್ಪ. ಚರ್ಮಕ್ಕೆ ಉಜ್ಜಾದ, ಗೀರಾದ, ಗಾಯವಾದ ಕಡೆ ಹೊಸ ಮಚ್ಚೆ ಏಳುವುದು ಈ ಕಾಯಿಲೆಯ ಗುಣ. ಇದನ್ನು ಮೊದಲು ಗುರುತಿಸಿದ ಜರ್ಮನ್ ವೈದ್ಯರ ಹೆಸರಿನಲ್ಲಿ ಕೋಬ್ನರ್ ಪರಿಣಾಮ ಅನ್ನುತ್ತಾರೆ. ಉಡದಾರ ಕಟ್ಟುವ ಗಂಡಸರಲ್ಲೂ, ಬೆಲ್ಟ್ ಬಿಗಿಯುವವರಲ್ಲೂ ಇದು ಆಗಬಹುದು. ನಾವು ರಕ್ತ ತೆಗೆಯುವಾಗಲೂ ಮಚ್ಚೆ ಇಲ್ಲದ ಜಾಗವನ್ನೇ ಹುಡುಕುತ್ತೇವೆ, ಒಂದೇ ಸಲಕ್ಕೆ ನರ ಸಿಗುವಂತೆ ನೋಡುತ್ತೇವೆ, ರಬ್ಬರ್ ಪಟ್ಟಿಯನ್ನು ಬಟ್ಟೆಯ ಮೇಲೆ ಕಟ್ಟುತ್ತೇವೆ. ಹೊಟ್ಟೆ ಬೆಳೆದಂತೆ ಲಾಡಿ ಬಿಗಿಯಾಗುತ್ತದೆ, ಲಾಡಿ ಬಿಗಿಯಾದಂತೆ ಮಚ್ಚೆ ಹೆಚ್ಚುತ್ತದೆ. ಆ ಅಕ್ಕನ ಸೊಂಟಕ್ಕೆ ಟೇಪು ಹಿಡಿದಿದ್ದರೆ ಅದು ಆ ಕೆಂಪು ಪಟ್ಟಿಗೆ ನಾಲ್ಕು ಬೆರಳು ಮೇಲೆ ಬರುತ್ತಿತ್ತು. ಅಷ್ಟು ವರ್ಷ ಮುಲಾಮು ಬರೆದವರಲ್ಲಿ ಯಾರೂ ಹಿಡಿದಿರಲಿಲ್ಲವಂತೆ.

ನಮ್ಮ ಕಡೆ ಹೊಟ್ಟೆ ಹೇಗೆ ಬೆಳೆಯಿತು ಅನ್ನುವುದಕ್ಕೆ ನೆಲದ ಕಥೆಯೂ ಇದೆ. ತುಂಗಭದ್ರಾ ಅಣೆಕಟ್ಟಿನ ನೀರು 1953ರ ನಂತರ ಹರಿದು ಬರುವ ತನಕ ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಹೆಚ್ಚಿನದು ಜೋಳ, ಸಜ್ಜೆಯ ಭೂಮಿ. ಕಾಲುವೆ ಬಂತು, ಭತ್ತ ಬಂತು, ಮಿಲ್ಲು ಬಂದವು. ನಮ್ಮ ಅಜ್ಜಿಯ ಕಾಲದಲ್ಲಿ ಅನ್ನ ಅಂದರೆ ಹಬ್ಬದ ಊಟ. ಈಗ ಸೋನಾ ಮಸೂರಿ ಬೆಳೆಯುವುದೂ ನಾವೇ, ಮೂರು ಹೊತ್ತು ಉಣ್ಣುವುದೂ ನಾವೇ. ಮುಂಜಾನೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಮಧ್ಯಾಹ್ನ ಅನ್ನ. ರಾತ್ರಿ ಅನ್ನ. ಮಂಡಕ್ಕಿಯೂ ಅಕ್ಕಿಯೇ. 21 ದೇಶಗಳ ಜನರನ್ನು ವರ್ಷಗಟ್ಟಲೆ ನೋಡಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ದಿನಕ್ಕೆ 450 ಗ್ರಾಂ ಅಥವಾ ಹೆಚ್ಚು ಬಿಳಿ ಅನ್ನ ಉಣ್ಣುವವರಲ್ಲಿ, 150 ಗ್ರಾಂಗಿಂತ ಕಡಿಮೆ ಉಣ್ಣುವವರಿಗಿಂತ ಶುಗರ್ ಬರುವ ಅಪಾಯ ಜಾಸ್ತಿ ಇತ್ತು. ಈ ನಂಟು ಎಲ್ಲಕ್ಕಿಂತ ಗಟ್ಟಿಯಾಗಿ ಕಂಡದ್ದು ನಮ್ಮ ದಕ್ಷಿಣ ಏಷ್ಯಾದಲ್ಲೇ.

ಅನ್ನ ಬೆಳೆದು ಬದುಕು ಕಟ್ಟಿಕೊಂಡ ಊರಿನವಳು ನಾನು. ನಮ್ಮಣ್ಣನ ಲಾರಿ ಓಡುವುದೂ ಅಕ್ಕಿಯಿಂದಲೇ. ಅನ್ನವನ್ನು ಬಯ್ಯುವ ಮನಸ್ಸು ನನಗಿಲ್ಲ. ಜೋಳದ ರೊಟ್ಟಿ ತಿಂದರೆ ಸೋರಿಯಾಸಿಸ್ ಹೋಗುತ್ತದೆ ಅಂತಲೂ ಹೇಳುವುದಿಲ್ಲ, ಆರು ರೊಟ್ಟಿ ತಿಂದರೆ ಅದೂ ಹಿಟ್ಟೇ. ಆದರೆ ತಟ್ಟೆಯಲ್ಲಿ ಅನ್ನದ ಗುಡ್ಡ ತಗ್ಗಿ, ಹೆಸರುಕಾಳು, ಮಡಿಕೆಕಾಳು, ಪುಂಡಿಪಲ್ಯ, ಹಸಿ ಸೌತೆ, ಮೆಂತ್ಯಸೊಪ್ಪು ಹೆಚ್ಚಾದರೆ ಸಕ್ಕರೆಗೆ ಒಳ್ಳೆಯದು. ಇದಕ್ಕೆ ಹೊರಗಿನಿಂದ ಏನನ್ನೂ ತರಬೇಕಿಲ್ಲ.

ಪಥ್ಯದ ಬಗ್ಗೆ ನನಗೆ ಸಿಟ್ಟಿದೆ. ಸೋರಿಯಾಸಿಸ್ ಇದ್ದವರಿಗೆ ಊರೆಲ್ಲ ಪಥ್ಯ ಹೇಳುತ್ತದೆ. ಬದನೆಕಾಯಿ ನಂಜು, ಮೊಸರು ನಂಜು, ಶೇಂಗಾ ನಂಜು, ಮೊಟ್ಟೆ ನಂಜು. ಬಡವರ ಮನೆಯಲ್ಲಿ ಒಳ್ಳೆಯ ಪ್ರೋಟೀನ್ ಅಂತ ಇರುವುದೇ ಮೊಸರು, ಶೇಂಗಾ, ಮೊಟ್ಟೆ. ಅದನ್ನು ಬಿಡಿಸಿ, ತಟ್ಟೆಯಲ್ಲಿ ಅನ್ನ ಮತ್ತು ತಿಳಿಸಾರು ಉಳಿಸುತ್ತಾರೆ. ಸಕ್ಕರೆ ಹಾಕಿದ ಚಹಾ ದಿನಕ್ಕೆ ಐದಾರು ಸಲ ಕುಡಿದರೂ ಯಾರೂ ನಂಜು ಅನ್ನುವುದಿಲ್ಲ. ಬೀಡಿಗೆ ನಂಜು ಅನ್ನುವುದಿಲ್ಲ, ಸೆರೆಗೆ ಅನ್ನುವುದಿಲ್ಲ. ತಂಬಾಕಿನ ಹೊಗೆ ಮತ್ತು ಕುಡಿತ ಎರಡೂ ಸೋರಿಯಾಸಿಸ್‌ಗೂ ಕೆಟ್ಟವು, ಹೃದಯಕ್ಕೂ ಕೆಟ್ಟವು. ಅಮೆರಿಕದ ಸೋರಿಯಾಸಿಸ್ ತಜ್ಞರು 2018ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿ ಆಹಾರದ ಬಗ್ಗೆ ಸಲಹೆ ಕೊಟ್ಟರು. ಅದರಲ್ಲಿ ಅವರು ಬಲವಾಗಿ ಹೇಳಿದ್ದು, ತೂಕ ಹೆಚ್ಚಿರುವವರು ಕ್ಯಾಲರಿ ಕಡಿಮೆ ಮಾಡಿ ತೂಕ ಇಳಿಸಲಿ ಅಂತ. ತೂಕ ಇಳಿದವರಲ್ಲಿ ಮಚ್ಚೆಯೂ ತಗ್ಗುವುದುಂಟು, ಅದೇ ಔಷಧಿ ಹೆಚ್ಚು ಚೆನ್ನಾಗಿ ಹಿಡಿಯುತ್ತದೆ. ತೂಕ ಇಳಿಸುವುದು ಔಷಧಿಯ ಜೊತೆಗೆ ನಡೆಯಬೇಕಾದ ಕೆಲಸ, ಔಷಧಿ ಬಿಟ್ಟು ಮಾಡುವಂಥದ್ದಲ್ಲ.

ಔಷಧಿಗಳ ವಿಷಯದಲ್ಲಿ ಎರಡು ಚೀಟಿ ಸೇರದಿದ್ದರೆ ಆಗುವ ತೊಂದರೆ ಇನ್ನೂ ದೊಡ್ಡದು. ಚರ್ಮದ ಡಾಕ್ಟರು ಕೊಡುವ ಮೆಥೊಟ್ರೆಕ್ಸೇಟ್ ಒಳ್ಳೆಯ ಔಷಧಿ, ಅಗ್ಗವೂ ಹೌದು. ಆದರೆ ಅದರ ಕಣ್ಣು ಲಿವರ್ ಮೇಲೆ, ಅದಕ್ಕೆ ಪೆಟ್ಟು ಕೊಡಬಹುದು. ಶುಗರ್ ಇದ್ದವರಲ್ಲಿ, ಹೊಟ್ಟೆ ಬಂದವರಲ್ಲಿ ಎಷ್ಟೋ ಸಲ ಲಿವರ್‌ನಲ್ಲಿ ಮೊದಲೇ ಕೊಬ್ಬು ಸೇರಿರುತ್ತದೆ. ಸೋರಿಯಾಸಿಸ್ ಇದ್ದವರಲ್ಲಿ ಫ್ಯಾಟಿ ಲಿವರ್ ಉಳಿದವರಿಗಿಂತ ಹೆಚ್ಚು. ಅದರ ಮೇಲೆ ಕುಡಿತವೂ ಇದ್ದರೆ ಕೇಳಲೇಬೇಡಿ. ‘ನನಗೆ ಶುಗರ್ ಐತ್ರಿ’ ಅನ್ನುವ ಒಂದು ಮಾತು ಡಾಕ್ಟರ ನಿರ್ಧಾರವನ್ನೇ ಬದಲಿಸಬಹುದು.

ಇಲ್ಲಿ ಒಂದು ಮಾತನ್ನು ದಪ್ಪ ಅಕ್ಷರದಲ್ಲಿ ಬರೆದಂತೆ ಓದಿಕೊಳ್ಳಿ. ಸೋರಿಯಾಸಿಸ್‌ಗೆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಬಾಯಲ್ಲಿ ಹುಣ್ಣಾಗುತ್ತದೆ, ರಕ್ತದ ಬಿಳಿಕಣ, ಪ್ಲೇಟ್‌ಲೆಟ್ ಕುಸಿಯುತ್ತವೆ. ಸಿಬಿಸಿ ಯಂತ್ರದಿಂದ ಅಂಥ ಅಂಕಿ ಹೊರಬಂದಾಗ ನಾವು ವರದಿ ಟೈಪ್ ಮಾಡುತ್ತಾ ಕೂರುವುದಿಲ್ಲ, ಮೊದಲು ಡಾಕ್ಟರಿಗೆ ಫೋನ್ ಮಾಡುತ್ತೇವೆ. ವಾರದ ಯಾವ ದಿನ ಅಂತ ಮಾತ್ರೆ ಪಟ್ಟಿಯ ಮೇಲೆ ಪೆನ್ನಿನಲ್ಲಿ ಬರೆಸಿಕೊಳ್ಳಿ. ಓದಲು ಬಾರದ ಹಿರಿಯರಿದ್ದರೆ ಸಂತೆಯ ದಿನದ ಲೆಕ್ಕ ಹೇಳಿ, ಮರೆಯುವುದಿಲ್ಲ.

ಸೈಕ್ಲೋಸ್ಪೋರಿನ್ ಬಿಪಿ ಏರಿಸಬಹುದು. ಸೋರಿಯಾಸಿಸ್‌ಗೇ ಕೊಡುವ ಅಸಿಟ್ರೆಟಿನ್ ಅನ್ನುವ ಔಷಧಿ ಟ್ರೈಗ್ಲಿಸರೈಡ್ ಏರಿಸಬಹುದು. ಆ ಕಡೆಯಿಂದ ನೋಡಿದರೆ, ಬಿಪಿಗೆ ಕೊಡುವ ಬೀಟಾ ಬ್ಲಾಕರ್ ಗುಂಪಿನ ಕೆಲವು ಮಾತ್ರೆಗಳು ಸೋರಿಯಾಸಿಸ್ ಕೆರಳಿಸಬಹುದು. ಇದನ್ನು ಓದಿ ಯಾರೂ ತಾವಾಗಿ ಬಿಪಿ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ಡಾಕ್ಟರಿಗೆ ಮೊಣಕೈ ತೋರಿಸಿ, ಅಷ್ಟು ಸಾಕು. ಬಿಪಿಗೆ ಬೇರೆ ಗುಂಪಿನ ಮಾತ್ರೆಗಳು ಎಷ್ಟೋ ಇವೆ.

‘ವಾಕಿಂಗ್ ಮಾಡ್ರಿ’ ಅಂತ ಹೇಳುವುದು ಸುಲಭ. ಸೋರಿಯಾಸಿಸ್ ಇದ್ದವರಿಗೆ ಆ ದಾರಿಯನ್ನೇ ಕಾಯಿಲೆ ಮುಚ್ಚಿರುತ್ತದೆ ಅನ್ನುವುದನ್ನು ಹೇಳುವವರು ಯೋಚಿಸುವುದಿಲ್ಲ. ಕೀಲು ನೋಯುತ್ತದೆ. ಅಂಗಾಲಿನಲ್ಲಿ ಬಿರುಕು ಬಿಟ್ಟಿರುತ್ತದೆ. ಬೆವರಿದರೆ ಉರಿ. ತುಂಬುತೋಳಿನ ಅಂಗಿ ಹಾಕಿಕೊಂಡು ನಮ್ಮ ಬಿಸಿಲಿನಲ್ಲಿ ಎಷ್ಟು ದೂರ ನಡೆಯಲು ಸಾಧ್ಯ? ರಾತ್ರಿಯೆಲ್ಲ ತುರಿಸಿಕೊಂಡು ನಿದ್ದೆಯಿಲ್ಲದೆ ಎದ್ದವರಿಗೆ ಮೈದಾನಕ್ಕೆ ಹೋಗುವ ಹುರುಪು ಎಲ್ಲಿಂದ ಬರಬೇಕು? ಲಂಗದ ಲಾಡಿಯ ಮಚ್ಚೆ ತೋರಿಸಿದ ಆ ಅಕ್ಕ ಮೊದಲು ಶನಿವಾರ ತಪ್ಪದೆ ಅಂಜನಾದ್ರಿಯ 575 ಮೆಟ್ಟಿಲು ಹತ್ತುತ್ತಿದ್ದವರು. ಸಾಲಿನಲ್ಲಿ ನಿಂತಾಗ ಹಿಂದಿನವರು ಕಾಲು ನೋಡಿ ಪಿಸುಗುಟ್ಟಿದ ಮೇಲೆ ಬಿಟ್ಟರು. ಬೆಟ್ಟ ಬಿಟ್ಟರು, ತೂಕ ಬಂತು, ಸಕ್ಕರೆ ಬಂತು. ಅವರದು ಸೋಮಾರಿತನ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಪಿಸುಗುಟ್ಟಿದವರಿಗೂ ಅವರ ಸಕ್ಕರೆಯಲ್ಲಿ ಪಾಲಿದೆ.

ಅಣ್ಣ ಈಗ ಚರ್ಮದ ಡಾಕ್ಟರ ಹತ್ತಿರ ಹೋಗುವಾಗ ಶುಗರ್ ಫೈಲನ್ನೂ ಒಯ್ಯುತ್ತಾನೆ, ಶುಗರ್ ಡಾಕ್ಟರ ಹತ್ತಿರ ಹೋಗುವಾಗ ಅಂಗಿಯ ತೋಳು ಮಡಚಿಕೊಂಡೇ ಒಳಗೆ ಹೋಗುತ್ತಾನೆ. ಮಚ್ಚೆ ಪೂರ್ತಿ ಹೋಗಿಲ್ಲ. ಇದು ಹೋಗಿ ಬಂದು ಮಾಡುವ ಕಾಯಿಲೆ, ಚಳಿಗಾಲದ ಒಣಗಾಳಿಗೆ ಮತ್ತೆ ಏಳುತ್ತದೆ. ಬಿಪಿ ಹಿಡಿತದಲ್ಲಿದೆ. ಬೆಲ್ಟಿಗೆ ಹೊಸ ತೂತು ಹೊಡೆಸಿದ್ದಾನೆ, ಒಳಗಡೆಗೆ. ಅತ್ತಿಗೆ ಲಾರಿಗೆ ಬುತ್ತಿ ಕಟ್ಟಿಕೊಡುತ್ತಾಳೆ. ಅವನ ಮಗಳಿಗೆ ಈಗ ಕಿವಿಯ ಹಿಂದೆ ಸಣ್ಣಗೆ ಹೊಟ್ಟು ಕಾಣಿಸಿಕೊಂಡಿದೆ. ಸೋರಿಯಾಸಿಸ್ ಮನೆತನದಲ್ಲಿ ಬರುವುದುಂಟು, ಆದರೆ ತಂದೆಗೆ ಇದ್ದರೆ ಮಕ್ಕಳಿಗೆ ಬಂದೇ ಬರುತ್ತದೆ ಅಂತಿಲ್ಲ. ಈ ಸಲ ಯಾರೂ ಟ್ಯೂಬ್ ತರಲು ಓಡಲಿಲ್ಲ. ನೇರವಾಗಿ ಚರ್ಮದ ಡಾಕ್ಟರಿಗೇ ತೋರಿಸಿದೆವು.

ಊರಲ್ಲಿ ಟೇಪು ಹಿಡಿದವರು ಇಲ್ಲವೇ ಇಲ್ಲ ಅಂತೇನಿಲ್ಲ. ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರ ಮನೆಗೆ ಬಂದು ಒಂದು ಫಾರಂ ತುಂಬುತ್ತಾರೆ. ಅದರಲ್ಲಿ ಸೊಂಟದ ಅಳತೆಯ ಕಾಲಂ ಇದೆ, ತಂಬಾಕು, ಕುಡಿತ, ವ್ಯಾಯಾಮದ ಪ್ರಶ್ನೆಗಳಿವೆ. ಚರ್ಮದ ಮಚ್ಚೆಯ ಪ್ರಶ್ನೆಯೂ ಇದೆ, ಆದರೆ ಅದು ಕುಷ್ಠ ಪತ್ತೆಗಾಗಿ. ಬಿಪಿ, ಸಕ್ಕರೆ ನೋಡಿಸಿಕೊಳ್ಳಲು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದುಡ್ಡು ಕೊಡಬೇಕಿಲ್ಲ. ಸೋರಿಯಾಸಿಸ್ ಇದ್ದವರು ಆಶಾ ಬಂದಾಗ ಒಳಕೋಣೆಗೆ ಸರಿಯುತ್ತಾರೆ ಅಂತ ನಮ್ಮ ಓಣಿಯ ಆಶಾ ಹೇಳುತ್ತಿದ್ದಳು. ಕುಷ್ಠ ಅಂತ ಬರೆದುಕೊಂಡರೆ ಅನ್ನುವ ಹೆದರಿಕೆ. ದಯವಿಟ್ಟು ಸರಿಯಬೇಡಿ. ‘ಇದು ಸೋರಿಯಾಸಿಸ್, ಡಾಕ್ಟರು ನೋಡ್ಯಾರ, ನನ್ನ ನಡ ಅಳೀರಿ, ಬಿಪಿ ನೋಡ್ರಿ’ ಅಂತ ನೀವೇ ಹೇಳಿ.

ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು 2014ರಲ್ಲೇ ಸೋರಿಯಾಸಿಸ್ ಗಂಭೀರವಾದ, ಅಂಟದ ಕಾಯಿಲೆ ಅಂತ ನಿರ್ಣಯ ಮಾಡಿವೆ. ಪ್ರತಿ ವರ್ಷ ಅಕ್ಟೋಬರ್ 29 ವಿಶ್ವ ಸೋರಿಯಾಸಿಸ್ ದಿನ. ಅದಾದ ಸುಮಾರು ಎರಡು ವಾರಕ್ಕೆ, ನವೆಂಬರ್ 14ಕ್ಕೆ, ವಿಶ್ವ ಮಧುಮೇಹ ದಿನ. ನವೆಂಬರ್‌ನಲ್ಲಿ ಊರೂರಲ್ಲಿ ಶುಗರ್ ಕ್ಯಾಂಪ್ ನಡೆಯುತ್ತವೆ, ಬ್ಯಾನರ್ ಕಟ್ಟುತ್ತಾರೆ. ಅಕ್ಟೋಬರ್ 29ರಂದು ನಮ್ಮ ಕಡೆ ಏನಾದರೂ ನಡೆದದ್ದನ್ನು ನಾನು ನೋಡಿಲ್ಲ.

ಈ ವರ್ಷ ಎರಡನ್ನೂ ಕೂಡಿಸಿ ಗಂಗಾವತಿಯಲ್ಲಿ ಒಂದು ಕ್ಯಾಂಪ್ ಮಾಡೋಣ ಅಂತ ಓಡಾಡುತ್ತಿದ್ದೇನೆ. ಗ್ಲುಕೋಮೀಟರ್ ಪಟ್ಟಿಗಳನ್ನು ಕೊಡಲು ನಮ್ಮ ಲ್ಯಾಬಿನ ಮಾಲೀಕರು ಒಪ್ಪಿದ್ದಾರೆ. ಬಿಪಿ ಮಷೀನು ಇದೆ. ಟೇಪು ಹಿಡಿಯಲು ನಾನಿದ್ದೇನೆ, ಹೆಂಗಸರಿಗೆ ಬೇರೆ ಪರದೆ ಕಟ್ಟುತ್ತೇವೆ. ಶುಗರ್ ನೋಡುವ ಡಾಕ್ಟರೊಬ್ಬರು ಬರುತ್ತೇನೆ ಅಂದಿದ್ದಾರೆ. ಇನ್ನು ಬೇಕಾಗಿರುವುದು ಅವರ ಪಕ್ಕದ ಕುರ್ಚಿಯಲ್ಲಿ ಅರ್ಧ ದಿನ ಕೂರುವ ಒಬ್ಬ ಚರ್ಮದ ಡಾಕ್ಟರು. ಕೊಪ್ಪಳ, ರಾಯಚೂರು, ಬಳ್ಳಾರಿ, ಹೊಸಪೇಟೆ, ಯಾವ ಕಡೆಯವರಾದರೂ ಸರಿ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಇದ್ದರೆ, ಅಥವಾ ನಿಮಗೆ ಗೊತ್ತಿರುವವರು ಇದ್ದರೆ, ಕೆಳಗೆ ತಿಳಿಸಿ. ಹೋಗಿ ಬರುವ ಗಾಡಿ, ಮಧ್ಯಾಹ್ನದ ಊಟದ ಜವಾಬ್ದಾರಿ ನಮ್ಮದು.